ಜ್ವರಕ್ಕೂ ಅದೇ, ಟೊಮೆಟೊಗೂ ಅದೇ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆಂಟಿಬಯಾಟಿಕ್ ಬಗ್ಗೆಯೇ ಇವೆ. ಕೋಲಾರ, ಮುಳಬಾಗಿಲು, ಮಾಲೂರು, ಚಿಂತಾಮಣಿ ಕಡೆಯವೇ ಜಾಸ್ತಿ. ಒಂದು ಪತ್ರ ಟೊಮೆಟೊ ತೋಟದಿಂದ ಬಂದಿದೆ. "ಇದು ಡಾಕ್ಟರಿಗೆ ಕೇಳುವ ಪ್ರಶ್ನೆ ಅಲ್ಲವೇನೋ" ಅಂತ ಬರೆದವರೇ ಅನುಮಾನ ಪಟ್ಟಿದ್ದಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಅದೇ. ಹಾಗಾಗಿ ಈ ಸಲ ಇದೊಂದೇ ವಿಷಯ. ಮಂಡಿನೋವಿನವರು ಮುಂದಿನ ಸಂಚಿಕೆವರೆಗೆ ದಯವಿಟ್ಟು ತಡೆದುಕೊಳ್ಳಿ.

ನನ್ನ ಮಗನಿಗೆ ನಾಲ್ಕು ವರ್ಷ. ನಾಲ್ಕು ದಿನದಿಂದ ನೆಗಡಿ, ಕೆಮ್ಮು. ಮೊದಲು ಮೂಗು ನೀರಾಗಿ ಸುರಿಯುತ್ತಿತ್ತು, ಈಗ ಹಳದಿ ಸಿಂಬಳ. ಡಾಕ್ಟರು ಜ್ವರದ ಸಿರಪ್ ಮಾತ್ರ ಬರೆದರು. ಪಕ್ಕದ ಮನೆ ಮಗುವಿಗೆ ಅಜಿತ್ರೋಮೈಸಿನ್ ಕೊಟ್ಟಿದ್ದರು, ಮೂರು ದಿನಕ್ಕೆ ವಾಸಿಯಾಯಿತು. ನಾನೂ ಮೆಡಿಕಲ್ ಸ್ಟೋರಿನಿಂದ ತಂದು ಕೊಡಲಾ?
– ಒಬ್ಬ ತಾಯಿ, ಮುಳಬಾಗಿಲು

ಬೇಡ. ನಿಮ್ಮ ಡಾಕ್ಟರು ಸರಿಯಾಗೇ ಮಾಡಿದ್ದಾರೆ. ಅಂಥವರು ಸಿಕ್ಕಿದ್ದಾರೆ, ಬಿಡಬೇಡಿ.

ನೆಗಡಿ ಬರುವುದು ವೈರಸ್‌ನಿಂದ. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ವೈರಸ್ ಮೇಲೆ ಅದರ ಆಟ ನಡೆಯುವುದಿಲ್ಲ. ಸಿಂಬಳ ಹಳದಿಯಾದ ಕೂಡಲೇ "ಇನ್‌ಫೆಕ್ಷನ್ ಜಾಸ್ತಿ ಆಯ್ತು" ಅಂತ ಗಾಬರಿಯಾಗುತ್ತದೆ, ಅಲ್ವಾ? ಆ ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಿಂದ. ಅವು ಕೆಲಸಕ್ಕೆ ಇಳಿದಿವೆ ಎಂದರ್ಥ. ಸಾಮಾನ್ಯ ನೆಗಡಿಯಲ್ಲೂ ಮೂರ್ನಾಲ್ಕನೇ ದಿನಕ್ಕೆ ಹೀಗೇ ಆಗುತ್ತದೆ.

ಪಕ್ಕದ ಮನೆ ಮಗು ಮೂರು ದಿನದಲ್ಲಿ ವಾಸಿಯಾಗಿದ್ದು ಹೇಗೆ ಅಂದರೆ, ಅದು ಬಹುಶಃ ಔಷಧಿ ಇಲ್ಲದೆಯೂ ವಾಸಿಯಾಗುತ್ತಿತ್ತು. ನೆಗಡಿ ಏಳರಿಂದ ಹತ್ತು ದಿನದ ಗಿರಾಕಿ. ಕೆಮ್ಮು ಇನ್ನೂ ಒಂದೆರಡು ವಾರ ಎಳೆಯಬಹುದು. ನಾವು ಡಾಕ್ಟರ ಹತ್ತಿರ ಓಡುವುದು ಐದನೇ ದಿನಕ್ಕೆ. ಆಗ ಏನು ಕೊಟ್ಟರೂ ಎಂಟನೇ ದಿನಕ್ಕೆ ಕಡಿಮೆಯಾಗುತ್ತದೆ, ಹೆಸರು ಮಾತ್ರೆಗೆ ಬರುತ್ತದೆ.

ಬೆಚ್ಚಗಿನ ನೀರು, ಗಂಜಿ ಕೊಡಿ. ವರ್ಷ ತುಂಬಿದ ಮಕ್ಕಳಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಟ್ಟರೆ ಕೆಮ್ಮು ತಗ್ಗುತ್ತದೆ. ಆದರೆ ಇದನ್ನು ನೋಡ್ತಾ ಇರಿ: ಮಗು ಮಲಗಿದ್ದಾಗ ಅಂಗಿ ಎತ್ತಿ, ಮೊಬೈಲ್‌ನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು ಉಸಿರು ಎಣಿಸಿ. ಈ ವಯಸ್ಸಿನಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋದರೆ, ನೀರೂ ಕುಡಿಯದೆ ಮಂಕಾಗಿ ಬಿದ್ದುಕೊಂಡರೆ ತಡ ಮಾಡಬೇಡಿ, ಆಸ್ಪತ್ರೆಗೆ ಹೋಗಿ. ಅದು ನ್ಯುಮೋನಿಯಾ ಇರಬಹುದು. ಅಲ್ಲಿ ಆಂಟಿಬಯಾಟಿಕ್ ಬೇಕೇ ಬೇಕು. ಜ್ವರ ಮೂರು ದಿನ ದಾಟಿದರೂ ಇನ್ನೊಮ್ಮೆ ತೋರಿಸಿ.

ನನಗೆ 68 ವರ್ಷ, ನಿವೃತ್ತ ಶಿಕ್ಷಕಿ, ಸಕ್ಕರೆ ಕಾಯಿಲೆ ಇದೆ. ಉರಿಮೂತ್ರ ಅಂತ ಕಲ್ಚರ್ ಮಾಡಿಸಿದೆ. ವರದಿಯಲ್ಲಿ ಇ. ಕೋಲೈ ಬಂದಿದೆ. ಔಷಧಿಗಳ ಪಟ್ಟಿಯಲ್ಲಿ ಹೆಚ್ಚಿನದಕ್ಕೆ 'ಆರ್', ಮೆರೋಪೆನೆಮ್, ನೈಟ್ರೋಫುರಾಂಟೊಯಿನ್, ಫಾಸ್ಫೋಮೈಸಿನ್ ಸೇರಿ ನಾಲ್ಕಕ್ಕೆ ಮಾತ್ರ 'ಎಸ್'. ನಾನು ಮಾತ್ರೆ ನುಂಗುವವಳೇ ಅಲ್ಲ. ನನ್ನ ಮೈ ಔಷಧಿಗೆ ಹೇಗೆ ಒಗ್ಗಿಹೋಯಿತು?
– ಬಂಗಾರಪೇಟೆಯಿಂದ ಒಬ್ಬರು

ಒಗ್ಗಿಹೋಗಿರುವುದು ನಿಮ್ಮ ಮೈಯಲ್ಲ, ಬ್ಯಾಕ್ಟೀರಿಯಾ. ಇಷ್ಟು ತಿಳಿದರೆ ಅರ್ಧ ಗೊಂದಲ ಹೋದ ಹಾಗೆ.

ಆ ವರದಿ ಹೇಗೆ ತಯಾರಾಗುತ್ತದೆ ಹೇಳುತ್ತೇನೆ. ನಾನು ಓದುತ್ತಿದ್ದಾಗ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಅದನ್ನು ನೋಡುವುದೇ ಒಂದು ಖುಷಿ. ಅಂಗೈಯಗಲದ ತಟ್ಟೆ, ಒಳಗೆ ಗಟ್ಟಿ ಜೆಲ್ಲಿ. ಅದರ ಮೇಲೆ ನಿಮ್ಮ ಮೂತ್ರದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಸವರುತ್ತಾರೆ. ಆಮೇಲೆ ಬೇರೆ ಬೇರೆ ಔಷಧಿ ಅದ್ದಿದ ಪುಟ್ಟ ಬಿಳಿ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಡುತ್ತಾರೆ. ರಾತ್ರಿ ಕಳೆದು ನೋಡಿದರೆ ತಟ್ಟೆ ತುಂಬ ಮಬ್ಬಾಗಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಕೆಲಸ ಮಾಡುವ ಔಷಧಿಯ ಬಿಲ್ಲೆ ಸುತ್ತ ಮಾತ್ರ ಏನೂ ಬೆಳೆಯದ ಖಾಲಿ ಉಂಗುರ. ಕೆಲಸ ಮಾಡದ ಬಿಲ್ಲೆಯ ಅಂಚಿಗೇ ಬಂದು ಅಂಟಿಕೊಂಡು ಬೆಳೆದಿರುತ್ತದೆ, ಭಯವೇ ಇಲ್ಲ. ಉಂಗುರದ ಅಗಲ ಅಳೆದು 'ಎಸ್' (ಔಷಧಿ ನಡೆಯುತ್ತದೆ) ಅಥವಾ 'ಆರ್' (ನಡೆಯುವುದಿಲ್ಲ) ಹಾಕುತ್ತಾರೆ. ಈಗ ದೊಡ್ಡ ಲ್ಯಾಬುಗಳಲ್ಲಿ ಮೆಷಿನ್ ಬಂದಿದೆ. ಲೆಕ್ಕಾಚಾರ ಅದೇ.

ನೀವು ಮಾತ್ರೆ ನುಂಗದಿದ್ದರೂ ಇಂಥ ಬ್ಯಾಕ್ಟೀರಿಯಾ ಹೇಗೆ ಬಂತು? ಇ. ಕೋಲೈ ಎಲ್ಲರ ಕರುಳಿನಲ್ಲೂ ಇರುತ್ತದೆ. ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಒಬ್ಬರು ಔಷಧಿ ತಿಂದಾಗ ಬಗ್ಗುವವು ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಅವು ನೀರು, ಕೈ, ಊಟ, ಆಸ್ಪತ್ರೆಯ ಹಾಸಿಗೆ, ಹೀಗೆ ಎಲ್ಲಿಂದಲಾದರೂ ಇನ್ನೊಬ್ಬರ ಕರುಳು ಸೇರಬಹುದು. ಅಷ್ಟೇ ಅಲ್ಲ, ಪರೀಕ್ಷೆ ಹಾಲಿನಲ್ಲಿ ಚೀಟಿ ದಾಟಿಸುವ ಹಾಗೆ ಔಷಧಿ ತಡೆಯುವ ಜೀನನ್ನು ಒಂದು ಬ್ಯಾಕ್ಟೀರಿಯಾ ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸುತ್ತದೆ, ಬೇರೆ ಜಾತಿಯದಾದರೂ ಸರಿ. ಮಾತ್ರೆ ನುಂಗಿದವರು ಯಾರೋ, ಉರಿ ಅನುಭವಿಸುವವರು ಯಾರೋ.

ವರದಿಯಲ್ಲಿ ಮೆರೋಪೆನೆಮ್‌ಗೆ 'ಎಸ್' ಇದೆ ಅಂದಿರಿ. ಅದು ಡ್ರಿಪ್‌ನಲ್ಲಿ ಕೊಡುವ ದೊಡ್ಡ ಔಷಧಿ. ನೈಟ್ರೋಫುರಾಂಟೊಯಿನ್, ಫಾಸ್ಫೋಮೈಸಿನ್‌ಗೂ 'ಎಸ್' ಇದೆಯಲ್ಲ? ಮೂತ್ರಕೋಶದಷ್ಟಕ್ಕೇ ಇರುವ ಸೋಂಕಿಗೆ ಈ ಹಳೇ ಔಷಧಿಗಳು ಇವತ್ತಿಗೂ ಚೆನ್ನಾಗಿ ನಡೆಯುತ್ತವೆ. ನೈಟ್ರೋಫುರಾಂಟೊಯಿನ್ ಕೊಡುವ ಮುಂಚೆ ಕಿಡ್ನಿ ಹೇಗಿದೆ ಅಂತ ನೋಡಬೇಕು, ನಿಮ್ಮ ಡಾಕ್ಟರಿಗೆ ಕ್ರಿಯಾಟಿನಿನ್ ವರದಿ ತೋರಿಸಿ. ಚಳಿಜ್ವರ, ಸೊಂಟದ ಮೇಲ್ಗಡೆ ನೋವು, ವಾಂತಿ ಇದ್ದರೆ ಕಥೆ ಬೇರೆ, ಆಗ ಆಸ್ಪತ್ರೆಗೆ ಸೇರಬೇಕಾಗಬಹುದು.

ಇನ್ನೊಂದು ಮಾತು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಉರಿ ಹೋಗಿ ಆರಾಮಾದ ಮೇಲೆ "ಸುಮ್ನೆ ಇರಲಿ" ಅಂತ ಮತ್ತೆ ಕಲ್ಚರ್ ಮಾಡಿಸಬೇಡಿ. ವಯಸ್ಸಾದ ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಇರುವವರಲ್ಲಿ, ತೊಂದರೆ ಏನೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಉರಿ, ಜ್ವರ ಏನೂ ಇಲ್ಲದಿದ್ದರೆ ಅದಕ್ಕೆ ಔಷಧಿ ಬೇಡ. ಬಸುರಿಯರ ವಿಷಯ ಬೇರೆ, ಮೂತ್ರನಾಳದ ಆಪರೇಷನ್‌ಗೆ ಹೊರಟವರದ್ದೂ ಬೇರೆ. ಉಳಿದವರು ಕಾಗದಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳಬಾರದು.

ನಮ್ಮದು ಮೂರು ಎಕರೆ ಟೊಮೆಟೊ. ಎಲೆ ಮೇಲೆ ಚುಕ್ಕೆ ಬಂದರೆ, ಮುದುಡಿದರೆ, ಗಿಡ ಬಾಡಿದರೆ, ಎಲ್ಲದಕ್ಕೂ ಅಂಗಡಿಯವರು ಬೇರೆ ಮದ್ದಿನ ಜೊತೆಗೆ ಸ್ಟ್ರೆಪ್ಟೋಸೈಕ್ಲಿನ್ ಸ್ಯಾಚೆ ಒಂದು ಸೇರಿಸಿ ಕೊಡುತ್ತಿದ್ದರು. ಇದೂ ಆಂಟಿಬಯಾಟಿಕ್ಕೇ ಅಂತ ಮಗಳು ಹೇಳುತ್ತಾಳೆ. ನಿಜವೇ?
– ರೈತರು, ಶ್ರೀನಿವಾಸಪುರ ತಾಲ್ಲೂಕು

ಮಗಳು ಹೇಳಿದ್ದು ನಿಜ. ಆ ಪುಡಿಯಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧಿ.

ಸ್ಟ್ರೆಪ್ಟೋಮೈಸಿನ್ ಸಾಮಾನ್ಯದ್ದಲ್ಲ. 1943ರಲ್ಲಿ ಅಮೆರಿಕದ ಒಂದು ಲ್ಯಾಬಿನಲ್ಲಿ, ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದಿಂದ ಅದನ್ನು ತೆಗೆದರು. ಕ್ಷಯ ಅಂದರೆ ಸಾವು ಅಂತಿದ್ದ ಕಾಲದಲ್ಲಿ ಆ ಕಾಯಿಲೆಗೆ ಸಿಕ್ಕ ಮೊದಲ ನಿಜವಾದ ಮದ್ದು ಅದು. ನಮ್ಮ ಅಜ್ಜಿಯ ತಮ್ಮ ಬದುಕಿದ್ದೇ ಆ ಸೂಜಿಯಿಂದ ಅಂತ ಮನೆಯಲ್ಲಿ ಹೇಳುತ್ತಿದ್ದರು. ಅಂಥದ್ದನ್ನು ನಾವು ಡ್ರಮ್ಮಿನಲ್ಲಿ ಕಲಸಿ ಎಲೆಗೆ ಹೊಡೆದೆವು. ನಿಮ್ಮನ್ನು ಬಯ್ಯುತ್ತಿಲ್ಲ. ರೈತರಿಗೆ ಯಾರೂ ಹೇಳಲಿಲ್ಲ, ಅಂಗಡಿಯವರಿಗೆ ಮಾರಾಟ ಮುಖ್ಯ.

ಈಗ ನಿಮ್ಮ ಗಿಡಕ್ಕೆ ಬನ್ನಿ. ಇಲ್ಲಿ ನಾನು ಹೊರಗಿನವಳು, ಆದರೆ ನನ್ನ ತಮ್ಮನದೂ ಟೊಮೆಟೊ ತೋಟವೇ. ಕೋಲಾರದ ಎಪಿಎಂಸಿಯ ರೇಟು ನಮ್ಮ ಮನೆಯಲ್ಲಿ ಕಾಫಿಗಿಂತ ಮುಂಚೆ ಬರುವ ವಿಷಯ. ಎಲೆ ಮುದುಡುವುದು ವೈರಸ್ ರೋಗ, ಹರಡುವುದು ಬಿಳಿ ನೊಣ. ಅಂಗಮಾರಿಗೆ ಕಾರಣ ಶಿಲೀಂಧ್ರ, ಇಲ್ಲವೇ ಶಿಲೀಂಧ್ರದಂಥ ಜೀವಿ. ಈ ಎರಡಕ್ಕೂ ಆ ಸ್ಯಾಚೆ ಹೊಡೆದರೆ ದುಡ್ಡು ದಂಡ. ಹಳದಿ ಸಿಂಬಳಕ್ಕೆ ಅಜಿತ್ರೋಮೈಸಿನ್ ಕೊಟ್ಟ ಕಥೆಯೇ ಇದೂ. ಯಾವ ರೋಗ ಅಂತ ನೋಡುವ ಮೊದಲೇ ಮದ್ದು ಕೈಗೆ ಬಂದಿರುತ್ತದೆ.

ಬ್ಯಾಕ್ಟೀರಿಯಾದಿಂದ ಬರುವ ಎಲೆಚುಕ್ಕೆ, ಸೊರಗು ರೋಗ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಸಿಂಪಡಿಸಿದ್ದರಲ್ಲಿ ಮಣ್ಣಿಗೆ ಬೀಳುವುದೂ ಇದೆ. ಮಣ್ಣಿನಲ್ಲಿರುವ ಸಾವಿರಾರು ಬಗೆಯ ಬ್ಯಾಕ್ಟೀರಿಯಾಗಳಿಗೆ ಅದು ಪಾಠ ಕಲಿಸುತ್ತದೆ. ಮೇಲೆ ಬಂಗಾರಪೇಟೆಯವರಿಗೆ ಹೇಳಿದ ಜೀನ್ ದಾಟುವ ಕೆಲಸ ಅಲ್ಲೂ ನಡೆಯುತ್ತದೆ. ಇದಕ್ಕೇ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಈ ಎರಡು ಔಷಧಿಗಳನ್ನು ಬೇಸಾಯದಿಂದ ಹೊರಗಿಡಲು ಹೊರಟಿತು.

ಬದಲಿಗೆ ಏನು ಅಂತ ಕೇಳುತ್ತೀರಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ತಳಿ ಎಲೆ ಮುದುಡು, ಬ್ಯಾಕ್ಟೀರಿಯಾ ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಟೊಮೆಟೊ ಮೇಲೆ ಟೊಮೆಟೊ ಹಾಕದೆ ನಡುವೆ ರಾಗಿಯೋ ಜೋಳವೋ ಬೆಳೆದರೆ ಸೊರಗು ತಗ್ಗುತ್ತದೆ. ಮುಂದಿನ ಸಲ ಅಂಗಡಿಗೆ ಹೋಗುವ ಮೊದಲು ರೋಗದ ಗಿಡವನ್ನು ಬೇರು ಸಮೇತ ಕಿತ್ತುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಸೊರಗು ರೋಗವನ್ನು ಮನೆಯಲ್ಲೇ ನೋಡಬಹುದು: ಕಾಂಡವನ್ನು ಬುಡದಲ್ಲಿ ಕೊಯ್ದು ಗಾಜಿನ ಲೋಟದ ನೀರಿನಲ್ಲಿ ತೂಗುಬಿಡಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ.

ಹಸುವಿಗೆ ಕೆಚ್ಚಲು ಬಾವು. ಇಂಜೆಕ್ಷನ್ ಕೊಟ್ಟಿದ್ದಾರೆ. ಡೇರಿಗೆ ಹಾಲು ಹಾಕಬೇಡಿ ಅಂದರು. ಕಾಯಿಸಿ ಮನೆಯಲ್ಲಿ ಕುಡಿಯಬಹುದಾ? ಕರುವಿಗೆ ಕುಡಿಸಬಹುದಾ?
– ಹಾಲು ಉತ್ಪಾದಕಿ, ಮಾಲೂರು

ಎರಡೂ ಬೇಡ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಹಾಲಿಗೆ ಇಳಿದ ಔಷಧಿ ಬಹುಪಾಲು ಹಾಗೇ ಉಳಿಯುತ್ತದೆ. ಪೆನಿಸಿಲಿನ್ ಇರುವ ಹಾಲಿಗೆ ಹೆಪ್ಪು ಹಾಕಿ ನೋಡಿ, ಬೆಳಗ್ಗೆ ಪಾತ್ರೆ ವಾಲಿಸಿದರೆ ಹಾಲು ಹಾಲಾಗೇ ಹರಿಯುತ್ತದೆ. ಮೊಸರು ಮಾಡುವ ಬ್ಯಾಕ್ಟೀರಿಯಾಗಳೂ ಸತ್ತಿರುತ್ತವೆ. ಡೇರಿಯವರಿಗೆ ಇದು ದೊಡ್ಡ ತಲೆನೋವು, ಒಬ್ಬರ ಕ್ಯಾನು ಟ್ಯಾಂಕರನ್ನೇ ಕೆಡಿಸಬಹುದು. ಕರುವಿಗೆ ಕುಡಿಸಿದರೆ ಅದರ ಕರುಳಿನಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಸಾಕಣೆ ಶುರು.

ಎಷ್ಟು ದಿನ ಬಿಡಬೇಕು ಅಂತ ಔಷಧಿಯ ಲೇಬಲ್‌ನಲ್ಲೇ ಇರುತ್ತದೆ. ಬರೆದಿಲ್ಲದಿದ್ದರೆ ನಮ್ಮ ಕಾನೂನಿನ ಪ್ರಕಾರ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಏಳು ದಿನದ ಹಾಲು ಚೆಲ್ಲುವುದು ಎಂಥ ಸಂಕಟ ಅಂತ ಗೊತ್ತು. ವಾರದ ಬಟವಾಡೆಯ ಮೇಲೆ ಮನೆ ನಡೆಯುವಾಗ ಬರೀ ಉಪದೇಶ ಸಾಲದು.

ಅದಕ್ಕೇ ಪಶುವೈದ್ಯೆ ಗೆಳತಿಯನ್ನು ಕೇಳಿದೆ. ಬಾವು ಶುರುವಾದಾಗಲೇ ಸಿಕ್ಕರೆ ಅವಳು ಮೊದಲು ಹೇಳುವುದು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಹಬ್ಬಿಸುತ್ತಿರುವ ಲೇಪವನ್ನು: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ರುಬ್ಬಿದರೆ ಕೆಂಪಗಾಗುತ್ತದೆ. ಕೆಚ್ಚಲು ತೊಳೆದು, ಕೆಟ್ಟ ಹಾಲು ಪೂರ್ತಿ ಕರೆದು, ನೀರು ಬೆರೆಸಿ ತೆಳ್ಳಗೆ ಮಾಡಿ ದಿನಕ್ಕೆ ಹಲವು ಸಲ ಹಚ್ಚಬೇಕು. ಹಸುವಿಗೆ ಜ್ವರ ಬಂದು ಮೇವು ಬಿಟ್ಟರೆ ಲೇಪ ನಂಬಿಕೊಂಡು ಕೂರಬೇಡಿ, ಡಾಕ್ಟರನ್ನು ಕರೆಸಿ.

ಫಾರಂ ಕೋಳಿಗೆ ಆಂಟಿಬಯಾಟಿಕ್ ಹಾಕುತ್ತಾರಂತೆ. ತಿನ್ನಬಹುದಾ?
– ಚಿಕ್ಕಬಳ್ಳಾಪುರ

ತಿನ್ನಿ, ಚೆನ್ನಾಗಿ ಬೇಯಿಸಿ ತಿನ್ನಿ. ಹಸಿ ಕೋಳಿ ಹೆಚ್ಚಿದ ಚಾಕು, ಮಣೆಯಲ್ಲೇ ಸೌತೆಕಾಯಿ ಹೆಚ್ಚಬೇಡಿ. ಕೋಳಿಗಳ ತೂಕ ಬರಲಿ ಅಂತ ಮೇವಿನಲ್ಲಿ ಕೊಲಿಸ್ಟಿನ್ ಬೆರೆಸುತ್ತಿದ್ದರು. ಬೇರೆ ಯಾವುದೂ ನಡೆಯದಾಗ ಐಸಿಯುನಲ್ಲಿ ಮನುಷ್ಯರಿಗೆ ಕೊಡುವ ಕೊನೆಯ ಔಷಧಿ ಅದು. 2019ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಕೋಳಿ, ಮೀನು, ದನಗಳಿಗೆ ಬಳಸದಂತೆ ನಿಷೇಧಿಸಿತು. ಒಳ್ಳೆಯ ಕೆಲಸ, ತಡವಾಗಿ ಆಯಿತು.

ಮೆಡಿಕಲ್ ಸ್ಟೋರ್‌ನಲ್ಲಿ ಕೆಲವು ಮಾತ್ರೆಗೆ ಚೀಟಿ ಕೇಳಿ ಪುಸ್ತಕದಲ್ಲಿ ಹೆಸರು ಬರೆಯುತ್ತಾರೆ, ಕೆಲವನ್ನು ಹಾಗೇ ಕೊಡುತ್ತಾರೆ. ಯಾಕೆ? ಕೋರ್ಸ್ ಪೂರ್ತಿ ಮುಗಿಸಲೇಬೇಕಾ?
– ಕಾಲೇಜು ವಿದ್ಯಾರ್ಥಿ, ಚಿಂತಾಮಣಿ

ಪುಸ್ತಕದಲ್ಲಿ ಬರೆಯುವುದು ಎಚ್1 ಪಟ್ಟಿಯ ಔಷಧಿಗಳಿಗೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಅಂತ ಬರೆದು ಮೂರು ವರ್ಷ ಇಡಬೇಕು. ಸೆಫಿಕ್ಸಿಮ್ ಅದರಲ್ಲಿದೆ. ಅಜಿತ್ರೋಮೈಸಿನ್, ಅಮಾಕ್ಸಿಸಿಲಿನ್ ಎಚ್ ಪಟ್ಟಿಯಲ್ಲಿವೆ. ಪುಸ್ತಕ ಬೇಡ, ಆದರೆ ಚೀಟಿ ಬೇಕೇ ಬೇಕು. ಹಾಗೇ ಕೊಟ್ಟರೆ ಕಾನೂನು ಮುರಿದ ಹಾಗೆ. ಸ್ಟ್ರಿಪ್‌ನ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಮುಟ್ಟಬೇಡಿ ಅಂತ. ಬಿಡಿಯಾಗಿ ಎರಡು ಮಾತ್ರೆ ಕತ್ತರಿಸಿ ಕಾಗದದ ಪೊಟ್ಟಣದಲ್ಲಿ ಕೊಡುವ ಪದ್ಧತಿ ನನಗೆ ಸುತರಾಂ ಆಗುವುದಿಲ್ಲ. ಗೆರೆಯೂ ಕಾಣುವುದಿಲ್ಲ, ಹೆಸರೂ ಕಾಣುವುದಿಲ್ಲ.

ಕಡಿಮೆ ಡೋಸ್ ತಿಂದರೆ ಬ್ಯಾಕ್ಟೀರಿಯಾ ತಡೆದುಕೊಳ್ಳುವುದನ್ನು ಕಲಿಯುತ್ತದೆ ಅಂತ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಈಗ ಕೆಲವು ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನ ಸಾಕು ಅಂತ ಗೊತ್ತಾಗಿದೆ, ಐದು ದಿನದಲ್ಲಿ ಮುಗಿಯುವ ನ್ಯುಮೋನಿಯಾ ಚಿಕಿತ್ಸೆಯೂ ಇದೆ. ಆದರೆ ಕಡಿಮೆ ಮಾಡುವ ತೀರ್ಮಾನ ಡಾಕ್ಟರದ್ದು. ಟಿಬಿಯಲ್ಲಿ ಮಾತ್ರ ಒಂದು ದಿನವೂ ರಿಯಾಯಿತಿ ಇಲ್ಲ. ನಡುವೆ ಬಿಟ್ಟವರಲ್ಲಿ ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೂ ಬಗ್ಗದ ಟಿಬಿ ಬರುವ ಅಪಾಯ ಇದೆ. ಅದು ಬಂದರೆ ಮನೆಯವರಿಗೂ ಹರಡುತ್ತದೆ.

ಹೊಸ ಔಷಧಿ ಕಂಡುಹಿಡಿದರಾಯಿತಲ್ಲ?
– ಅದೇ ವಿದ್ಯಾರ್ಥಿ

ಕಂಡುಹಿಡಿಯುತ್ತಿದ್ದಾರೆ. ನಮ್ಮ ದೇಶದ್ದೇ ನ್ಯಾಫಿಥ್ರೋಮೈಸಿನ್ 2024ರ ನವೆಂಬರ್‌ನಲ್ಲಿ ಹೊರಬಂತು, ನ್ಯುಮೋನಿಯಾಕ್ಕೆ. ಆದರೆ ಈ ವ್ಯಾಪಾರದಲ್ಲಿ ಲಾಭವಿಲ್ಲ. ಬಿಪಿ ಮಾತ್ರೆ ಜೀವನಪೂರ್ತಿ ಮಾರಾಟವಾಗುತ್ತದೆ. ಹೊಸ ಆಂಟಿಬಯಾಟಿಕ್ ಬಂದರೆ ಅದನ್ನು ಆದಷ್ಟು ಬಳಸದೆ ಎತ್ತಿಡಿ ಅಂತ ನಾವೇ ಹೇಳುತ್ತೇವೆ. ಅಮೆರಿಕದ ಅಕಾಯೋಜೆನ್ ಕಂಪನಿಯ ಔಷಧಿಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು, 2019ರಲ್ಲಿ ಕಂಪನಿ ದಿವಾಳಿ.

ನಮ್ಮ ಯಜಮಾನರಿಗೆ ಪ್ರತಿ ವರ್ಷ ಟೈಫಾಯ್ಡ್ ಬರುತ್ತದೆ. ವೈಡಾಲ್ ಪಾಸಿಟಿವ್ ಅಂತ ಪ್ರತಿ ಸಲ ಐದು ದಿನ ಡ್ರಿಪ್ಸ್, ಸೂಜಿ. ಶಾಶ್ವತ ಪರಿಹಾರ ಇದೆಯಾ?
– ಗೃಹಿಣಿ, ಕೋಲಾರ

ಪ್ರತಿ ವರ್ಷ ಬರುವ ಟೈಫಾಯ್ಡ್ ಬಗ್ಗೆ ನನಗೆ ಅನುಮಾನ. ಬರುತ್ತಿರುವುದು ಬಹುಶಃ ಬೇರೆ ಬೇರೆ ಜ್ವರಗಳು. ವೈಡಾಲ್ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ಮೈಯಲ್ಲಿ ತಯಾರಾದ ಪ್ರತಿಕಾಯಗಳನ್ನು. ಹಿಂದೆ ಯಾವಾಗಲೋ ಬಂದಿದ್ದರೂ, ಬೇರೆ ಸೋಂಕಿದ್ದರೂ ಪಾಸಿಟಿವ್ ತೋರಿಸಬಹುದು. ಜ್ವರದ ಎರಡನೇ ದಿನಕ್ಕೇ ವೈಡಾಲ್ ಮಾಡಿಸುವುದರಲ್ಲಿ ಅರ್ಥವಿಲ್ಲ. ನಿಜ ತಿಳಿಯಬೇಕಾದರೆ ಮೊದಲ ವಾರದಲ್ಲಿ, ಆಂಟಿಬಯಾಟಿಕ್ ಮುಟ್ಟುವ ಮುಂಚೆ, ಬ್ಲಡ್ ಕಲ್ಚರ್‌ಗೆ ರಕ್ತ ಕೊಡಬೇಕು.

ಟೈಫಾಯ್ಡ್‌ನದ್ದೇ ಒಂದು ಕಥೆ ಇದೆ. ಮೊದಲು ಕ್ಲೋರಾಂಫೆನಿಕಾಲ್ ಕೊಡುತ್ತಿದ್ದರು. ಅದಕ್ಕೆ ಬಗ್ಗದ ಟೈಫಾಯ್ಡ್ ಬಂತು. ಸಿಪ್ರೊಫ್ಲಾಕ್ಸಾಸಿನ್ ತಂದರು, ಅದನ್ನೂ ಸಿಕ್ಕಸಿಕ್ಕಲ್ಲಿ ಸುರಿದು ಮುಗಿಸಿದೆವು. ಈಗ ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್ ಮೇಲೆ ನಿಂತಿದ್ದೇವೆ. 2016ರಲ್ಲಿ ಪಾಕಿಸ್ತಾನದ ಸಿಂಧ್‌ನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಜಗ್ಗದ ಟೈಫಾಯ್ಡ್ ಶುರುವಾಗಿ ಸಾವಿರಾರು ಜನಕ್ಕೆ ಹಬ್ಬಿತು. ತಮಾಷೆ ಏನೆಂದರೆ, ಕ್ಲೋರಾಂಫೆನಿಕಾಲನ್ನು ನಾವು ವರ್ಷಗಟ್ಟಲೆ ಮರೆತಿದ್ದರಿಂದ ಟೈಫಾಯ್ಡ್ ಬ್ಯಾಕ್ಟೀರಿಯಾವೂ ಅದನ್ನು ಮರೆತಿದೆ. ನಮ್ಮ ದೇಶದ ಹಲವು ಲ್ಯಾಬುಗಳಲ್ಲಿ ಈಗ ಅದಕ್ಕೆ ಮತ್ತೆ 'ಎಸ್' ಬರುತ್ತಿದೆ.

ನಿಮ್ಮ ಯಜಮಾನರಿಗೆ ಒಂದು ಡೋಸ್ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಹಾಕಿಸಿ. ನಮ್ಮಲ್ಲೇ ತಯಾರಾಗುತ್ತದೆ, ಖಾಸಗಿ ಕ್ಲಿನಿಕ್ಕುಗಳಲ್ಲಿ ಸಿಗುತ್ತದೆ. ಮುಂದಿನ ಜ್ವರಕ್ಕೆ ಡ್ರಿಪ್ಸ್ ಏರಿಸುವ ಮುಂಚೆ "ಬ್ಲಡ್ ಕಲ್ಚರ್ ಕಳಿಸ್ತೀರಾ?" ಅಂತ ಕೇಳಿ. ಜೊತೆಗೆ ಡೆಂಗಿ ಪರೀಕ್ಷೆಯೂ ಆಗಲಿ. ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಡಿ, ಹಿಂದಿನ ವರ್ಷಗಳ ವೈಡಾಲ್ ಸಮೇತ. ಡಾಕ್ಟರ್ ಬದಲಾದಾಗ ಆ ಫೈಲು ತೋರಿಸಿ.